ಹದಿನಾಲ್ಕನೇ ನಂಬರಿನ ಅತಿಥಿ

"ಹಲೋ! ಇದು ನಿಮ್ಮ ಜಾಗವಾ?"

ಹೆಲ್ಮೆಟ್ ಕೂಡ ತೆಗೆಯದೆ ಕೂಗಿದಳು ಫಾತಿಮತ್ ಝುಹ್ರಾ.

ಪುತ್ತೂರಿನ ದರ್ಬೆಯಲ್ಲಿರುವ ಸಂಪಿಗೆ ರೆಸಿಡೆನ್ಸಿಯ ನೆಲಮಹಡಿ. ಗೋಡೆಯ ಮೇಲೆ ದೊಡ್ಡದಾಗಿ 14 ಎಂದು ಬರೆದಿದ್ದ ಪಾರ್ಕಿಂಗ್ ಜಾಗದಲ್ಲಿ ಗುರುತಿಲ್ಲದ ಬಿಳಿ ಕಾರೊಂದು ನಿಂತಿತ್ತು. ಅದು ಝುಹ್ರಾಳ ಮನೆಯ ಜಾಗ. ಫ್ಲಾಟ್ ಕೊಳ್ಳುವಾಗಲೇ ಕ್ರಯಪತ್ರದಲ್ಲಿ ಅವಳ ಉಮ್ಮ ಬೀಫಾತುಮ್ಮನ ಹೆಸರಿಗೆ ಬರೆಸಿಕೊಂಡದ್ದು. ಪಕ್ಕದಲ್ಲಿ ನರ್ಸಿಂಗ್ ಹೋಮ್, ಎದುರಿಗೆ ಮದುವೆ ಹಾಲ್... ದಿನಕ್ಕೆ ನಾಲ್ಕು ಜನ ಹೀಗೆ ಒಳಗೆ ಕಾರು ನುಗ್ಗಿಸಿ ಮಾಯವಾಗುತ್ತಿದ್ದರು.

ಕಾರಿನಿಂದ ಇಳಿದ ಯುವಕ ತಬ್ಬಿಬ್ಬಾದ. "ಸಾರಿ. ಒಂದು ಐದು ನಿಮಿಷದ ಕೆಲಸ ಇತ್ತು..."

"ಎಲ್ಲರದ್ದೂ ಐದೇ ನಿಮಿಷ! ಮೊದಲು ತೆಗೀರಿ. ಇಲ್ಲದಿದ್ರೆ ನಾಲ್ಕು ಚಕ್ರದ ಗಾಳಿಯೂ ಬಿಡ್ತೇನೆ!"

"ಬಿಡಿ, ತೊಂದರೆ ಇಲ್ಲ." ಅವನ ತುಟಿಯಂಚಿನಲ್ಲಿ ನಗು ಇಣುಕಿತು. "ಸುಳ್ಯದಲ್ಲಿ ನಂದು ಟಯರ್ ಅಂಗಡಿಯೇ ಉಂಟು."

ಎಂಥ ಸೊಕ್ಕು! ಝುಹ್ರಾಳ ಮೈ ಉರಿದುಹೋಯಿತು. ಆದರೆ ಅವನು ಮರುಮಾತಾಡದೆ ಕಾರನ್ನು ರಸ್ತೆಗೆ ತೆಗೆದುಕೊಂಡು ಹೋದ.

ಹತ್ತು ನಿಮಿಷದ ನಂತರ ಉಮ್ಮ ಅವಳ ಕೈಗೆ ಶರಬತ್ತಿನ ಟ್ರೇ ಕೊಟ್ಟು ಹಾಲ್‌ಗೆ ಕಳಿಸಿದರು. ಹುಡುಗಿ ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ನಿಂತವಳು ಕಣ್ಣೆತ್ತಿದರೆ... ಸೋಫಾದಲ್ಲಿ ಅದೇ ಸೊಕ್ಕಿನವನು!

"ಕಾರು ರಸ್ತೆಯಲ್ಲೇ ಉಂಟು," ಎಂದ ಅವನು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಮದುವೆ ಆದ್ರೆ ಹದಿನಾಲ್ಕರಲ್ಲಿ ಇಡಬಹುದಾ?"

ಝುಹ್ರಾ ನಾಲಿಗೆ ಕಚ್ಚಿಕೊಂಡಳು. ನಗು ಮಾತ್ರ ತಡೆಯಲಾಗಲಿಲ್ಲ. ಅವನ ಹೆಸರು ಮಶೂದ್.

ಎರಡು ತಿಂಗಳಲ್ಲಿ ನಿಕಾಹ್ ಆಯಿತು.

ಮದುವೆಯಾದ ಮೇಲೂ ಮಗಳು ಒಂದಷ್ಟು ಕಾಲ ತಾಯಿಯ ಮನೆಯಲ್ಲೇ ಇರುವುದು, ಗಂಡ ಅಲ್ಲಿಗೆ ಬಂದು ಹೋಗುವುದು ಆ ಮನೆತನದ ಹಳೆಯ ಪದ್ಧತಿ. ಅವಳ ತಂದೆ, ಉಪ್ಪ, ಸೌದಿಯ ದಮಾಮ್‌ನಲ್ಲಿ ದುಡಿಯುತ್ತಿದ್ದರಿಂದ ಮನೆಯಲ್ಲಿ ಇದ್ದದ್ದು ಉಮ್ಮ ಮತ್ತು ಝುಹ್ರಾ ಇಬ್ಬರೇ. ಸಂಜೆ ಅಂಗಡಿ ಮುಚ್ಚಿ ಮಶೂದ್ ಸುಳ್ಯದಿಂದ ಬರುತ್ತಿದ್ದ. ಬೆಳಿಗ್ಗೆ ಝುಹ್ರಾಳನ್ನು, ಅವಳು ಕಣ್ಣು ಪರೀಕ್ಷೆಯ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಿಟ್ಟು ಹಿಂದಿರುಗುತ್ತಿದ್ದ. ಬಿಳಿ ಕಾರು ಹಕ್ಕಿನಿಂದ ಹದಿನಾಲ್ಕರಲ್ಲಿ ನಿಲ್ಲುತ್ತಿತ್ತು.

ಹೊಸ ಅಳಿಯನೆಂದರೆ ಪುದಿಯಾಪ್ಲ. ಪುದಿಯಾಪ್ಲನೆಂದರೆ ಬೀಫಾತುಮ್ಮನಿಗೆ ತಲೆ ಮೇಲಿನ ಕಿರೀಟ! ದಿನಕ್ಕೊಂದು ಬಗೆಯ ತಿಂಡಿ, ಶೋಕೇಸಿನಿಂದ ಇಳಿಸಿದ ಗಾಜಿನ ತಟ್ಟೆ.

ಒಮ್ಮೆ ಗ್ಯಾಸ್ ಮುಗಿದಾಗ ಮಶೂದ್ ಅಂಗಿಯ ತೋಳು ಮಡಚಿ ಸಿಲಿಂಡರ್ ಎತ್ತಲು ಹೋದ. ಉಮ್ಮ ಎದೆ ಬಡಿದುಕೊಂಡರು. "ಯಾ ಅಲ್ಲಾಹ್! ಪುದಿಯಾಪ್ಲ ಸಿಲಿಂಡರ್ ಮುಟ್ಟುದಾ? ಕೇಳಿದವರು ಎಂತ ಹೇಳಿಯಾರು? ನೀವು ಕೂತುಕೊಳ್ಳಿ!"

ಅವನು ಕೈ ಒರೆಸಿಕೊಂಡು ಬಂದು ಸೋಫಾದಲ್ಲಿ ಕೂತ. ಆ ಮುಖ ಸಪ್ಪಗಾದದ್ದು ಝುಹ್ರಾಳಿಗೆ ಕಾಣಿಸಿತ್ತು. ತಮಾಷೆ ಅಂದುಕೊಂಡು ನಕ್ಕುಬಿಟ್ಟಿದ್ದಳು. ಊರಿನವರ ಕಣ್ಣೆಲ್ಲ ಪರೀಕ್ಷೆ ಮಾಡುವವಳಿಗೆ ಗಂಡನ ಕಣ್ಣು ಓದಲು ಬರಲಿಲ್ಲ ನೋಡಿ!

ಅಷ್ಟರಲ್ಲಿ ಹೊರಗಿನವರ ಕಾರುಗಳ ಕಾಟ ತಾಳಲಾರದೆ ಅಪಾರ್ಟ್‌ಮೆಂಟಿನ ಸಂಘದವರು ಪಾರ್ಕಿಂಗ್ ನೋಡಿಕೊಳ್ಳುವ ಕೆಲಸವನ್ನು ಒಂದು ಖಾಸಗಿ ಏಜೆನ್ಸಿಗೆ ಕೊಟ್ಟರು. ಪಟ್ಟಿಯಲ್ಲಿ ಇಲ್ಲದ ಕಾರಿನ ಚಕ್ರಕ್ಕೆ ಹಳದಿ ಲಾಕ್. ಅತಿಥಿಗಳಿಗೆ ಎರಡು ಗಂಟೆ ಪುಕ್ಕಟೆ, ರಾತ್ರಿ ನಿಂತರೆ ಐನೂರು ರೂಪಾಯಿ ದಂಡ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಮನೆಗೆ ಫಾರಂ ಬಂತು. ಮಶೂದ್‌ನ ಕಾರಿನ ನಂಬರ್ ಬರೆದು ಝುಹ್ರಾ ಪೆನ್ನು ಹಿಡಿದೇ ಯೋಚಿಸಿದಳು. ಮುಂದೆ ಇದ್ದದ್ದು ಎರಡೇ ಚೌಕ... ನಿವಾಸಿ, ಅತಿಥಿ.

"ಉಮ್ಮಾ, ನಿವಾಸಿ ಅಂತ ಹಾಕಿದ್ರೆ ತಿಂಗಳು ತಿಂಗಳು ಅವರ ಹೆಸರಿಗೆ ಪಾರ್ಕಿಂಗ್ ಬಿಲ್ ಬರ್ತದಂತೆ."

"ಬಿಲ್ಲಾ? ಪುದಿಯಾಪ್ಲನ ಹೆಸರಿಗಾ?" ಉಮ್ಮ ಕೆನ್ನೆಗೆ ಕೈ ಹಚ್ಚಿದರು. "ಮಾನ ಹೋಗ್ತದೆ ಮಗಳೇ! ಅತಿಥಿ ಅಂತ ಬರಿ. ಅವರಿಗಿಂತ ದೊಡ್ಡ ಅತಿಥಿ ಯಾರಿದ್ದಾರೆ ನಮಗೆ?"

ಸರಿ ಎನಿಸಿತು. ಮುದ್ದಾದ ಅಕ್ಷರದಲ್ಲಿ 'ಅತಿಥಿ' ಎಂದು ಬರೆದು ಸಹಿ ಹಾಕಿದಳು. ದಂಡದ ನಿಯಮ ಹೊರಗಿನವರಿಗೆ ತಾನೇ, ನಮ್ಮ ಜಾಗದಲ್ಲಿ ನಿಲ್ಲುವ ಕಾರಿಗೆ ಎಂತ... ಅಂದುಕೊಂಡಳು.

ಮರುವಾರವೇ, ಬೆಳಗಿನ ನಮಾಜಿಗೆಂದು ಇಳಿದ ಮಶೂದ್‌ಗೆ ಕಾರಿನ ಮುಂದಿನ ಚಕ್ರದಲ್ಲಿ ಹಳದಿ ಲಾಕ್ ಕಂಡಿತು.

ಝುಹ್ರಾ ಮೂರನೇ ಮಹಡಿಯ ಬಾಲ್ಕನಿಯಿಂದ ನೋಡುತ್ತಿದ್ದಳು. ಗೇಟಿನ ಬಳಿ ಏಜೆನ್ಸಿಯ ಸೂಪರ್‌ವೈಸರ್ ಹರ್ಷಿತ್ ಫೈಲ್ ತೆಗೆದು ಅವನಿಗೆ ಏನನ್ನೋ ತೋರಿಸಿದ. ಮಶೂದ್ ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ.

ಅವನ ಡಿಕ್ಕಿಯಲ್ಲಿ ಜಾಕ್ ಇತ್ತು, ಪಾನಾ ಇತ್ತು. ಮನಸ್ಸು ಮಾಡಿದ್ದರೆ ಆ ಲಾಕ್ ಬಿಚ್ಚಲು ಟಯರ್ ಅಂಗಡಿಯವನಿಗೆ ಹತ್ತು ನಿಮಿಷ ಸಾಕು. ಅವನು ಮುಟ್ಟಲಿಲ್ಲ. ಹತ್ತು ಗಂಟೆಗೆ ದಂಡ ಬಾಕಿ ಎಂದು ಬರೆದುಕೊಂಡು ಅವರೇ ಬಿಚ್ಚುವ ತನಕ ಕಟ್ಟೆಯ ಮೇಲೆ ಕೂತಿದ್ದ. ಹೊರಡುವ ಮುನ್ನ ಒಮ್ಮೆ ತಲೆಯೆತ್ತಿ ನೋಡಿದ. ಅವಳು ಕೈ ಬೀಸಿದಳು. ಅವನು ಬೀಸಲಿಲ್ಲ.

ಆ ಸಂಜೆ ಅವನು ಬರಲಿಲ್ಲ. ಮರುದಿನವೂ ಇಲ್ಲ.

"ಅಂಗಡಿಯಲ್ಲಿ ಕೆಲಸ ಉಂಟು," ಎನ್ನುತ್ತಿದ್ದ ಫೋನಿನಲ್ಲಿ. ನಾಲ್ಕು ದಿನ ಆಯಿತು, ಹತ್ತು ದಿನ ಆಯಿತು... ಉಮ್ಮ ಮಾಡಿದ ತಿಂಡಿ ಪಕ್ಕದ ಮನೆಗಳಿಗೆ ಹಂಚಿಹೋಯಿತು.

'ಒಂದು ದಂಡಕ್ಕೆ ಇಷ್ಟು ಸಿಟ್ಟಾ? ಅಥವಾ ನಾನೇ ಬೇಡವಾದೆನಾ?' ಝುಹ್ರಾ ದಿಂಬಿಗೆ ಮುಖ ಒತ್ತಿ ಅತ್ತಳು.

ಹದಿನೇಳನೇ ದಿನ ಅವಳಿಗೆ ತಡೆಯಲಾಗಲಿಲ್ಲ. ಸಂಘದ ಆಫೀಸಿಗೆ ಇಳಿದುಹೋದಳು. ಕಾರ್ಯದರ್ಶಿ ಕುಕ್ಕಪ್ಪ ಗೌಡರು ಕನ್ನಡಕ ಹಣೆಗೇರಿಸಿ ಕೂತಿದ್ದರು.

"ಅಂಕಲ್, ನಮ್ಮ ಕಾರಿನ ದಂಡ ಎಂತ ಆಯ್ತು?"

"ಅದಾ... ನಿಮ್ಮ ಯಜಮಾನ್ರು ಕಾಗದ ಕೊಟ್ಟಿದ್ದಾರಲ್ಲ ಮಾರಾಯ್ತಿ. ನಿಂಗೆ ಹೇಳ್ಲಿಲ್ವಾ?"

ಅವರು ಚಾಚಿದ ಹಾಳೆಯಲ್ಲಿ ಮಶೂದ್‌ನ ಅಕ್ಷರ. ಎರಡೇ ಸಾಲು.

'ಈ ಕಾರಿಗೂ ನನಗೂ 302ನೇ ಫ್ಲಾಟಿನವರೊಂದಿಗೆ ಯಾವುದೇ ಸಂಬಂಧ ಇರುವುದಿಲ್ಲ. ದಂಡದ ಹೊಣೆ ನನ್ನೊಬ್ಬನದು.'

ಝುಹ್ರಾ ಮೊದಲ ಸಾಲನ್ನೇ ಮತ್ತೆ ಓದಿದಳು.

ಯಾವುದೇ ಸಂಬಂಧ ಇರುವುದಿಲ್ಲ!

302 ಅಂದರೆ ಉಮ್ಮ. 302 ಅಂದರೆ ನಾನು. ನಿಕಾಹ್‌ಗೆ ಊರೆಲ್ಲ ಸಾಕ್ಷಿ ಇತ್ತಲ್ಲ! ಒಂದು ಪಾರ್ಕಿಂಗ್ ದಂಡಕ್ಕಾಗಿ ಹೆಂಡತಿಯನ್ನೇ ಇಲ್ಲ ಎಂದು ಬರೆದುಕೊಟ್ಟನಾ? ನಂಬಿದ್ದೆನಲ್ಲ... ಬಾಗಿಲ ಸದ್ದಿಗೆಲ್ಲ ಓಡಿ ಓಡಿ ನೋಡಿದೆನಲ್ಲ!

ಎರಡನೆಯ ಸಾಲು ಅವಳ ಕಣ್ಣಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಮೊದಲು ಮೋಸ ಹೋದೆ ಎಂಬ ಸಂಕಟ. ಆಮೇಲೆ, ಎಲ್ಲಿತ್ತೋ ಏನೋ, ಸಿಟ್ಟು ಉಕ್ಕಿ ಬಂತು.

"ಅಂಕಲ್, ಹದಿನಾಲ್ಕನೇ ಜಾಗ ಯಾರದ್ದು?"

"ನಿಮ್ಮದೇ. ಅದರಲ್ಲಿ ಎಂತ ಸಂಶಯ?"

"ಉಮ್ಮನ ಕ್ರಯಪತ್ರದಲ್ಲಿ ಉಂಟು. ನಮ್ಮ ಜಾಗದಲ್ಲಿ, ನಮ್ಮ ಒಪ್ಪಿಗೆಯಲ್ಲಿ ನಿಂತ ಕಾರಿಗೆ ಅವರು ಯಾಕೆ ಲಾಕ್ ಹಾಕುದು? ನಮ್ಮ ಜಾಗದ ಅಧಿಕಾರ ಏಜೆನ್ಸಿಗೆ ಕೊಡ್ತೇವೆ ಅಂತ ಉಮ್ಮ ಸೈನ್ ಹಾಕಿದ್ದು ಎಲ್ಲಿ? ತೋರಿಸಿ ನೋಡುವಾ!"

ಗೌಡರು ಕರಾರು ತಿರುವಿದರು. ಅದರಲ್ಲಿ ಇದ್ದದ್ದು ಸಂಘದ ಮೂವರ ಸಹಿ ಮಾತ್ರ. ಮನೆಯವರಲ್ಲಿ ಯಾರನ್ನೂ ಕೇಳಿರಲಿಲ್ಲ. ಅವರ ಹಣೆಯ ಕನ್ನಡಕ ಮೂಗಿಗೆ ಇಳಿಯಿತು.

"ಅದು... ನರ್ಸಿಂಗ್ ಹೋಮಿಗೆ ಬರುವ ಕಾರುಗಳಿಗೆ ಅಂತ ಮಾಡಿದ್ದು. ಹೀಗೆ ಆಗ್ತದೆ ಅಂತ ಯಾರಿಗೆ ಗೊತ್ತಿತ್ತು? ತಪ್ಪಾಯ್ತು, ದಂಡ ಇಲ್ಲ."

"ಬರವಣಿಗೆಯಲ್ಲಿ ಕೊಡಿ."

ಸೀಲು ಒತ್ತಿದ ಆ ಕಾಗದ ಹಿಡಿದು, ಮನೆಗೂ ಹೋಗದೆ ಅವಳು ಸುಳ್ಯದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಮಾತು... ಅವನ ಮುಖಕ್ಕೆ ಎಸೆದು ಬರುತ್ತೇನೆ. ಅಷ್ಟೇ.

ಮಧ್ಯಾಹ್ನದ ಬಿಸಿಲು. ಮಶೂದ್ ಕೈತುಂಬ ಕಪ್ಪು ಮಸಿ ಮಾಡಿಕೊಂಡು ಟಯರ್ ಒಂದನ್ನು ಉರುಳಿಸುತ್ತಿದ್ದ. ಅವಳನ್ನು ಕಂಡು ಟಯರನ್ನು ಕೈಬಿಟ್ಟ.

"ಝುಹ್ರಾ! ಎಂತಾಯ್ತು? ಉಮ್ಮ ಹುಷಾರಿದ್ದಾರಾ?"

"ಯಾರ ಉಮ್ಮ?" ಎಂದಳು ಅವಳು. "302ಕ್ಕೂ ನಿಮಗೂ ಸಂಬಂಧ ಇಲ್ವಲ್ಲ!" ಕಾಗದವನ್ನು ಮೇಜಿನ ಮೇಲೆ ಎಸೆದಳು. "ತಗೊಳ್ಳಿ. ದಂಡ ರದ್ದಾಯ್ತು. ಇನ್ನು ದಂಡಕ್ಕೆ ಹೆದರಿ ನನ್ನನ್ನು ಇಲ್ಲ ಅಂತ ಬರೆದು ಕೊಡಬೇಕಾಗಿಲ್ಲ ನೀವು!"

ಅವನು ಕಾಗದ ಎತ್ತಿಕೊಂಡ.

"ಬರೆಯುವಾಗ ಕೈ ನಡುಗಲಿಲ್ವಾ?" ಅವಳಿಗೆ ಅಳು ಒತ್ತರಿಸಿ ಬಂತು.

"ಮೂರು ಹಾಳೆ ಹರಿದೆ," ಎಂದ ಅವನು. "ನಾಲ್ಕನೆಯದ್ದು ಕೊಟ್ಟದ್ದು."

"ಯಾಕೆ ಕೊಟ್ರಿ?"

"ದಂಡ ಕಟ್ಟದಿದ್ರೆ 302 ಅಂತ ನೋಟಿಸ್ ಬೋರ್ಡಿಗೆ ಹಾಕ್ತೇವೆ ಅಂದ ಆ ಹರ್ಷಿತ್. ಕಟ್ಟಲಿಕ್ಕೆ ಹೋದ್ರೆ, ಜಾಗ ಉಮ್ಮನದ್ದು, ರಸೀದಿ ಅವರ ಹೆಸರಿಗೇ ಕೊಡುದಂತೆ. ಅಳಿಯನ ಕಾರಿಗೆ ಅತ್ತೆ ದಂಡ ಕಟ್ಟಿದ್ರು ಅಂತ ಆಗ್ತದೆ. ನಾಲ್ಕು ಜನ ಓದುವಲ್ಲಿ ಉಮ್ಮನ ಹೆಸರು ಬರಬಾರದು, ಅವರನ್ನು ಬಿಡಿ, ಎಲ್ಲ ನನ್ನ ಮೇಲೆ ಹಾಕಿ ಅಂತ ಬರೆದೆ. ಅಷ್ಟೇ."

ದಂಡದ ಹೊಣೆ ನನ್ನೊಬ್ಬನದು... ಎರಡನೆಯ ಸಾಲು ಈಗ ಅವಳ ಎದೆಗೆ ಇಳಿಯಿತು. ಆದರೂ ನೋವು ಪೂರ್ತಿ ಹೋಗಲಿಲ್ಲ.

"ಮತ್ತೆ ಹದಿನೇಳು ದಿನ? ನನಗೊಂದು ಮಾತು ಹೇಳಬಹುದಿತ್ತಲ್ಲ?"

ಮಶೂದ್ ಬಟ್ಟೆಯಲ್ಲಿ ಕೈ ಒರೆಸಿ ಮೊಬೈಲ್ ತೆರೆದು ಅವಳ ಮುಂದೆ ಹಿಡಿದ. ಆ ಬೆಳಿಗ್ಗೆ ತೆಗೆದ ಫೋಟೊ. ಅವಳದೇ ಮುದ್ದಾದ ಅಕ್ಷರ. ಅತಿಥಿ.

"ಅತಿಥಿ ಯಾರ ಹತ್ರ ಹೇಳಿಕೊಳ್ಳುದು ಝುಹ್ರಾ?"

ಝುಹ್ರಾ ತನ್ನ ಅಕ್ಷರವನ್ನೇ ನೋಡಿದಳು.

"ಗಾಜಿನ ತಟ್ಟೆಯಲ್ಲಿ ಊಟ, ಸೋಫಾದಲ್ಲಿ ಕೂತುಕೊಳ್ಳುದು... ಉಮ್ಮ ಪದ್ಧತಿಗೆ ಮಾಡ್ತಾರೆ, ಆದ್ರೆ ನಿನಗೆ ನಾನು ಮನೆಯ ಜನವೇ ಅಂತ ಅಂದುಕೊಂಡಿದ್ದೆ. ಅವತ್ತು ಗೇಟಿನಲ್ಲಿ ಅವನು ಈ ಫಾರಂ ತೋರಿಸಿ, ನಿಮ್ಮ ಹೆಂಡತಿಯೇ ಬರೆದದ್ದಲ್ವಾ ಅಂದ. ಮತ್ತೆ ನನಗೆ ಮೇಲೆ ಬರ್ಲಿಕ್ಕೆ ಕಾಲೇ ಬರಲಿಲ್ಲ."

ತಾನೊಬ್ಬಳೇ ಮೋಸ ಹೋದವಳು ಎಂದುಕೊಂಡು ಇಷ್ಟು ದೂರ ಬಂದಿದ್ದಳಲ್ಲ! ಅವನೂ ಅದೇ ಗಾಯ ಹೊತ್ತು ಹದಿನೇಳು ದಿನ ಇಲ್ಲಿ ಟಯರ್ ಉರುಳಿಸಿದ್ದ.

"ನಿಮ್ಮ ಹೆಸರಿಗೆ ಬಿಲ್ ಬರಬಾರದು ಅಂತ ಬರೆದದ್ದು," ಅವಳು ಬಿಕ್ಕಿದಳು. "ಪುದಿಯಾಪ್ಲನ ಕೈಯಿಂದ ಹಣ ಕೇಳಿದ್ರೆ ಮಾನ ಹೋಗ್ತದೆ ಅಂತ ಉಮ್ಮ... ನನಗೂ ಹಾಗೇ ಕಂಡಿತು. ಗೌರವ ಅಂದುಕೊಂಡೆ ಮಾರಾಯ್ರೆ! ನಿಮ್ಮನ್ನು ಹೊರಗೆ ಇಟ್ಟ ಹಾಗೆ ಆಗ್ತದೆ ಅಂತ ಯೋಚಿಸಲೇ ಇಲ್ಲ. ತಪ್ಪು ನಂದು."

"ನಂದೂ ಉಂಟು. ಕೇಳಬೇಕಿತ್ತು ನಾನು."

ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು.

"ಸಂಜೆ ಬರ್ತೀರಾ?" ಅವಳು ಕಣ್ಣೊರೆಸಿಕೊಂಡು ಕೇಳಿದಳು.

"ಅತಿಥಿಯಾಗಿಯಾ?"

"ಅಲ್ಲ. ಬೆಳಿಗ್ಗೆಯೇ ಗ್ಯಾಸ್ ಮುಗಿದಿದೆ. ಸಿಲಿಂಡರ್ ಹಾಕ್ಲಿಕ್ಕೆ ಜನ ಬೇಕು."

ಮಶೂದ್ ಅವಳನ್ನೇ ನೋಡಿದ. ನಗಬೇಕೆಂದು ಹೊರಟ ಮುಖ ತಡೆಯಲಾಗದೆ ಅಳುಮುಖವಾಯಿತು. ಮಸಿ ಕೈಯಲ್ಲೇ ಕಣ್ಣೊರೆಸಿಕೊಂಡು ಕೆನ್ನೆಯೆಲ್ಲ ಕಪ್ಪು ಮಾಡಿಕೊಂಡ.

ಸಂಜೆ ಬಿಳಿ ಕಾರು ಹದಿನಾಲ್ಕರಲ್ಲಿ ಬಂದು ನಿಂತಿತು. ಗೇಟಿನಲ್ಲೇ ಇಳಿದ ಝುಹ್ರಾ ಹೊಸ ಫಾರಂ ತುಂಬಿಸಿ ಕುಕ್ಕಪ್ಪ ಗೌಡರ ಕೈಗಿತ್ತಳು. ಈ ಸಲ ನಿವಾಸಿ. ಬಿಲ್ ಮಶೂದ್‌ನ ಹೆಸರಿಗೆ.

ಅಡುಗೆಮನೆಯಲ್ಲಿ ಅವನು ತೋಳು ಮಡಚಿದಾಗ ಬೀಫಾತುಮ್ಮ ಬಾಗಿಲಲ್ಲಿ ಗಾಜಿನ ತಟ್ಟೆ ಹಿಡಿದು ನಿಂತಿದ್ದರು. ಎದೆಗೆ ಹೋದ ಕೈ ಅರ್ಧಕ್ಕೇ ನಿಂತಿತು. ಮಗಳ ಮುಖ ನೋಡಿದರು, ಅಳಿಯನ ಕೆನ್ನೆಯ ಮಸಿ ನೋಡಿದರು. ತಟ್ಟೆಯನ್ನು ಮೆಲ್ಲನೆ ಶೋಕೇಸಿಗೆ ಇಟ್ಟು ಬಂದರು.

"ಮೊದಲು ರೆಗ್ಯುಲೇಟರ್ ತೆಗಿ ಮಗನೇ," ಎಂದರು. "ಮತ್ತೆ... ಹಾಗೆಯೇ ಆ ಮೇಲಿನ ಡಬ್ಬ ಒಂದು ಇಳಿಸಿಕೊಡು. ಆರು ತಿಂಗಳಿಂದ ಕೈಗೆ ಸಿಗುದಿಲ್ಲ ನನಗೆ."

ಅವರು ನಮಾಜಿಗೆ ಒಳಗೆ ಹೋದ ಮೇಲೆ ಖಾಲಿ ಸಿಲಿಂಡರನ್ನು ಬಾಲ್ಕನಿಗೆ ಇಟ್ಟು ಬಂದ ಮಶೂದ್, ಅವಳ ಪಕ್ಕದಲ್ಲಿ ನಿಂತು ಪಿಸುಗುಟ್ಟಿದ.

"ಝುಹ್ರಾ, ಈ ಹೊಸ ಸಿಲಿಂಡರ್ ಇನ್ನು ಮುಗಿಯುದು ಯಾವಾಗ?"

"ಒಂದೂವರೆ ತಿಂಗಳು ಬರ್ತದೆ."

"ಅಲ್ಲಿವರೆಗೆ ನಾನು ಎಂತ ಮಾಡುದು?"

"ನಾಳೆ ಮಿಕ್ಸಿ ರಿಪೇರಿಗೆ ಕೊಡ್ಲಿಕ್ಕುಂಟು. ಬಾತ್‌ರೂಮಿನ ನಲ್ಲಿ ಸೋರ್ತದೆ." ಅವಳು ದುಪಟ್ಟಾದ ತುದಿಯಿಂದ ಅವನ ಕೆನ್ನೆಯ ಮಸಿ ಒರೆಸಿದಳು. "ಮತ್ತೆ ನಾನೊಬ್ಬಳಿದ್ದೇನೆ. ಹದಿನೇಳು ದಿನದ್ದು ಬಾಕಿ ಉಂಟು."

"ದಂಡ ಹಾಕ್ತೀಯಾ?"

"ಲಾಕ್ ಹಾಕ್ತೇನೆ," ಎಂದು ಝುಹ್ರಾ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.