ಪೋಸ್ಟರಿನ ಕೆಂಪು ಸೀರೆ

ಟಕ್ — ಟ್ರಂಕಿನ ಚಿಲಕದ ಸದ್ದು. ರಾತ್ರಿ ಎರಡು ಗಂಟೆಯಿರಬೇಕು. ನಟಿ ಮರಗದವಲ್ಲಿಯ ಶವದ ತಲೆಯ ಬಳಿ ದೀಪ ಕಾಯುತ್ತಿದ್ದ ನಾನು ಎದ್ದು ನೋಡಲಿಲ್ಲ. ನೋಡಬೇಕಿತ್ತು.

ಬೆಳಗ್ಗೆ ಟ್ರಂಕು ಖಾಲಿ. ಅವಳ ಮದುವೆ ಸೀರೆ ಇರಲಿಲ್ಲ.

ಅವಳ ಮದುವೆ ನಡೆದದ್ದು ಒಂದು ಸಿನಿಮಾದಲ್ಲಿ ಮಾತ್ರ. ತನ್ನನ್ನು ಆ ಸೀರೆಯಲ್ಲೇ ಕಳಿಸಬೇಕೆಂದು ಆಸ್ಪತ್ರೆಯಲ್ಲಿ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಆ ಸೀರೆಯನ್ನು ನಾನು ಸಿನಿಮಾದ ಪೋಸ್ಟರಿನಲ್ಲಷ್ಟೇ ನೋಡಿದ್ದೆ. ಗಂಟಲು ಕೆಟ್ಟ ಮೇಲೆ ಅವಳ ಪಾತ್ರಗಳಿಗೆ ಧ್ವನಿ ಕೊಟ್ಟವಳು ನಾನು. ಹನ್ನೊಂದಕ್ಕೆ ಶವ ಎತ್ತುವವರಿದ್ದರು.

ರಾತ್ರಿ ವಡಪಳನಿಯ ಆ ಮನೆಯಲ್ಲಿದ್ದವರು ನಾನಲ್ಲದೆ ಇಬ್ಬರೇ — ಅವಳ ಅಕ್ಕನ ಮಗ ತಿರುಮಾರನ್, ನಲವತ್ತು ವರ್ಷ ಅವಳ ತಲೆ ಬಾಚಿದ ಪೇಚ್ಚಿಯಮ್ಮ. ಹಳೆಯ ಸಿನಿಮಾ ಸಾಮಾನು ಕೂಡಿಡುವವನೊಬ್ಬ ಆ ಸೀರೆಯನ್ನು ತಿರುಮಾರನ್ ಬಳಿ ಎರಡು ಸಲ ಕೇಳಿದ್ದ. ನನ್ನ ಅನುಮಾನ ತಿರುಮಾರನ್ ಮೇಲೆಯೇ.

ಎಂಟಕ್ಕೆ ಹಾರ ಹಿಡಿದು ನಲ್ಲಪೆರುಮಾಳ್ ಬಂದರು. ಲೋಟ ಯಾವ ಕೈಯಲ್ಲಿತ್ತು, ಜಡೆಯಲ್ಲಿ ಎಷ್ಟು ಹೂವಿತ್ತು ಎಂದು ಶಾಟ್‌ನಿಂದ ಶಾಟ್‌ಗೆ ಬರೆದಿಡುವುದು ಅವಳ ಸಿನಿಮಾಗಳ ಸೆಟ್ಟಿನಲ್ಲಿ ಅವರ ಕೆಲಸವಾಗಿತ್ತು. ನಡೆದದ್ದನ್ನು ಹೇಳಿದೆ.

"ಯಾವ ಬಣ್ಣ?" ಎಂದರು.

"ಕೆಂಪು. ಹಾಲ್‌ನಲ್ಲಿ ಪೋಸ್ಟರ್ ಇಲ್ವಾ ಸಾರ್? ಊರಿಗೇ ಗೊತ್ತು," ಎಂದ ತಿರುಮಾರನ್.

"ಸೀರೆ ಕಣ್ಣಾರೆ ನೋಡಿದೀಯಾ?"

"ಚಿಕ್ಕಮ್ಮ ಯಾರಿಗೆ ತೋರಿಸ್ತಿದ್ರು?"

"ನೀನು, ಪೇಚ್ಚಿ?"

ಅವಳು ಸತ್ತವಳ ಸಿಕ್ಕು ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಕೆಂಪೇ ಅಣ್ಣ. ದಾಳಿಂಬೆ ಕೆಂಪು."

"ಇವಳ ಚೀಲ ಎರಡು ಸಲ ಸುರಿದಾಯ್ತು," ಎಂದ ತಿರುಮಾರನ್. "ನುಂಗಿರಬೇಕು."

"ಹೊಟ್ಟೇನೂ ಕುಯ್ದು ನೋಡಪ್ಪ. ನಿನ್ನ ಉಚ್ಚೆಬಟ್ಟೆ ಒಗೆದ ಕೈ ಇದು."

"ಚೀಲದಲ್ಲಿ ಏನಿತ್ತು?" ನಲ್ಲಪೆರುಮಾಳ್ ನನ್ನನ್ನು ಕೇಳಿದರು.

"ಎರಡು ನೂಲಿನ ಸೀರೆ, ಒಂದು ಹಳೇ ತಿಳಿಹಸಿರು ರೇಷ್ಮೆ, ಬಾಚಣಿಗೆ, ಚೌರಿ. ನಾನೇ ಮಡಿಸಿ ಒಳಗಿಟ್ಟೆ."

ಅವರು ತಿರುಮಾರನ್‌ನನ್ನು ಕರೆದರು. "ತಿರುಮಾರಾ, ಟಿ. ನಗರಕ್ಕೆ ಹೋಗಿ ಒಂದು ಕೆಂಪು ರೇಷ್ಮೆ ತಾ. ಹಳೇದು ಸಿಗದಿದ್ರೆ ಅದಾದ್ರೂ ಇರಲಿ."

ಅವನು ಹೋದ ಮೇಲೆ ಬಾಗಿಲು ಮುಚ್ಚಿದರು.

"ಸುಳ್ಳು ಯಾಕೆ, ಪೇಚ್ಚಿ?"

ಬಾಚಣಿಗೆ ನಿಂತಿತು.

"ಪೋಸ್ಟರ್ ಬರೆದೋನು ಸೆಟ್ಟಿಗೆ ಬಂದೋನಲ್ಲ. ಚಿತ್ರ ಕಪ್ಪು-ಬಿಳುಪು. ಮದುಮಗಳು ಅಂತ ಕೆಂಪು ಬಳಿದ. ನಿಜವಾಗಿ ಕೆಂಪು ಉಡಿಸಿದ್ರೆ ಫಿಲ್ಮಲ್ಲಿ ಕಪ್ಪಾಗಿ ಬಿದ್ದು, ಬೆನ್ನ ಮೇಲೆ ಜಡೆಯೇ ಕಾಣ್ತಿರಲಿಲ್ಲ. ಅದಕ್ಕೇ ತಿಳಿಹಸಿರು ಉಡಿಸಿದ್ರು. ನಾನೇ ಬರ್ಕೊಂಡಿದ್ದೆ. ತಿರುಮಾರ ಕೆಂಪು ಅಂದ — ಅವನು ನೋಡಿಲ್ಲ. ನೀನು ನೋಡಿದ್ದೆ. ನೀನೂ ಕೆಂಪು ಅಂದೆ. ತೆಗೆದೋಳು ನೀನೇ."

"ನೋಡಿದ್ದಷ್ಟೇ ಅಲ್ಲ ಅಣ್ಣ. ಉಟ್ಟಿದ್ದೆ."

ಅವರು ನನ್ನತ್ತ ತಿರುಗಿದರು. "ಸಿನಿಮಾ ತಾಳಿ ಬಿದ್ದ ಕುತ್ತಿಗೆಗೆ ನಿಜವಾದ ತಾಳಿ ಬರಲ್ಲ ಅಂತ ವಲ್ಲಿಯ ತಾಯಿ ಹಟ ಹಿಡಿದ್ರು. ತಾಳಿ ಕಟ್ಟೋ ಶಾಟ್‌ಗೆ ಬೆನ್ನು ಮಾಡಿ ಕೂತದ್ದು ಪೇಚ್ಚಿ."

"ಎರಡೇ ಗಂಟು ಹಾಕಿದ್ರು," ಎಂದಳು ಪೇಚ್ಚಿ. "ಮೂರನೇದು ಬಿದ್ರೆ ಮದುವೆ ಆದಂಗೆ ಅಂತ. ಆದ್ರೂ ನೋಡೋಕೆ ಬಂದ ಗಂಡುಗಳು, ಯಾವನೋ ತಾಳಿ ಕಟ್ಟಿದೋಳು ಅಂತ ಎದ್ದು ಹೋದ್ರು. ವಲ್ಲಿಯಮ್ಮಂಗೆ ಊರೆಲ್ಲ ಹಾರ ಹಾಕ್ತಾರೆ. ನಂಗೆ ಇದ್ದದ್ದು ಆ ಒಂದು ದಿನ. ಅದೂ ಬೆಂಕಿಗೆ ಹೋಗ್ತಿತ್ತು."

ಚೀಲದಿಂದ ಸೀರೆ ತೆಗೆದು ನನ್ನ ಮಡಿಲಿಗಿಟ್ಟಳು. "ತಗೊಳ್ಳಿ. ನೀವು ಮಾತು ಕೊಟ್ಟಿದೀರಿ."

ನಲ್ಲಪೆರುಮಾಳರನ್ನು ನೋಡಿದೆ. "ಬಣ್ಣ ಹೇಳೋದು ನನ್ನ ಕೆಲಸ, ತಂಗಿ," ಎಂದರು. "ಮಾತು ನಿಮ್ಮದು."

ಹೊರಗೆ ಕಾರು ನಿಂತಿತು. ತಿರುಮಾರನ್ ಹೊಸ ಸೀರೆಯ ಪೊಟ್ಟಣದೊಂದಿಗೆ ಬಾಗಿಲು ತಟ್ಟಿದ. "ಸಿಕ್ತಾ ಅಕ್ಕ?"

ಮರಗದವಲ್ಲಿಯ ಬಾಯಿ ಸ್ವಲ್ಪ ತೆರೆದಿತ್ತು. ಎಷ್ಟೋ ವರ್ಷ ಆ ಬಾಯಿಗೆ ಮಾತು ಕೊಟ್ಟವಳು ನಾನು. ಹಸಿರು ಸೀರೆಯನ್ನು ಮಡಿಸಿ ಪೇಚ್ಚಿಯ ಚೀಲದ ತಳಕ್ಕೆ ತುರುಕಿದೆ.

"ಇಲ್ಲಪ್ಪ. ಸಿಗಲಿಲ್ಲ."

ಹೊಸ ಕೆಂಪು ಸೀರೆಯನ್ನು ಪೇಚ್ಚಿಯೇ ಉಡಿಸಿದಳು. ನೆರಿಗೆ ಹಿಡಿದವಳು ನಾನು. ಅವಳ ಕಣ್ಣೀರು ನನ್ನ ಕೈಮೇಲೆ ಬೀಳುತ್ತಿತ್ತು. ಮನೆ ಮುಂದಿನ ಜನ, ಪೋಸ್ಟರಿನ ಅದೇ ಸೀರೆಯೆಂದು ಒಬ್ಬರಿಗೊಬ್ಬರು ತೋರಿಸಿ ಅತ್ತರು.

ಪೇಚ್ಚಿ ಬದುಕಿರುವವರೆಗೆ ಈ ಮಾತನ್ನು ಯಾರಿಗೂ ಹೇಳಬಾರದೆಂದು ಸ್ಮಶಾನದ ದಾರಿಯಲ್ಲೇ ನಿಶ್ಚಯಿಸಿದೆ.