ಸುಡದ ಕೈ

ಕುದಿಯುತ್ತಿದ್ದ ಪೊಂಗಲ್ ಮಡಕೆಯನ್ನು ಸಣ್ಣಕ್ಕ ಬರಿಯ ಬಲಗೈಯಲ್ಲಿ ಎತ್ತಿ ಕೆಳಗಿಟ್ಟಳೋ ಇಲ್ಲವೋ, ಯಾರೋ ಅವಳ ಮಣಿಕಟ್ಟನ್ನು ಗಪ್ಪನೆ ಹಿಡಿದುಕೊಂಡರು!

ತಲೆಯೆತ್ತಿದರೆ, ಬಿಳಿ ಅಂಗಿಯ ಅಪರಿಚಿತ ಯುವಕ. ಮಾರಮ್ಮನ ಗುಡಿಯ ಮುಂದೆ, ಊರ ಹೆಂಗಸರೆಲ್ಲ ನೋಡುತ್ತಿರುವಾಗ, ಹರೆಯದ ಹುಡುಗಿಯ ಕೈ ಹಿಡಿಯುವುದೆಂದರೇನು!

“ನೋವಾಗ್ಲಿಲ್ವಾ?” ಎಂದ ಅವನು.

“ಮಾರಮ್ಮ ಕೊಟ್ಟ ಕೈ. ಸುಡಾಕಿಲ್ಲ. ಬುಡು ನೀನು.”

ಸೇಲಂ ಸೀಮೆಯ ಕಂಬೈನಲ್ಲೂರಿನ ಪಕ್ಕದ ಆ ಕುರಿಗಾಹಿಗಳ ಹಟ್ಟಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಸಣ್ಣಕ್ಕನ ಬಲಗೈಗೆ ಬಿಸಿ ತಗಲದು. ದೇವಿಯ ವರವೆಂದು ಹಬ್ಬದ ಮಡಕೆಯನ್ನೆಲ್ಲ ಅವಳಿಂದಲೇ ಇಳಿಸುತ್ತಿದ್ದರು. ಅವಳಿಗೂ ಅದೇ ಹೆಮ್ಮೆ. ಮಣಿಕಟ್ಟಿನ ಮೇಲಿದ್ದ ತೆಳುಬಣ್ಣದ ಮಚ್ಚೆಯನ್ನು ಮಾತ್ರ ಯಾರೂ ಗಮನಿಸಿರಲಿಲ್ಲ.

ಆ ಯುವಕ ಕುಪ್ಪಸ್ವಾಮಿ. ಕುಷ್ಠರೋಗದ ತಪಾಸಣೆಗೆಂದು ಸೇಲಂನಿಂದ ಬಂದವನು. ಅವರದೇ ಜನ, ಅವನ ಅಪ್ಪ ಕುರಿ ಮಾರಿ ಸಬ್ಬಕ್ಕಿ ಮಿಲ್ಲಿಗೆ ಸೇರಿದ್ದ, ಅಷ್ಟೇ. ತಿಂಗಳ ಕೊನೆಗೆ ಬರುವ ಕುಷ್ಠ ನಿವಾರಣಾ ದಿನದ ಸಭೆಯನ್ನು ಊರೂರಿಗೆ ಸಾರುತ್ತ ಬಂದಿದ್ದ.

ಸಂಜೆ ಅವನು ಹಟ್ಟಿಯ ಹಿಂದೆ ಅವಳ ಅಪ್ಪ ನಾರಪ್ಪನನ್ನು ಕಂಡು ಆ ಮಚ್ಚೆಯ ಬಗ್ಗೆ ತನಗಿದ್ದ ಅನುಮಾನವನ್ನು ಮೆಲ್ಲಗೆ ಹೇಳಿದ. ನಾರಪ್ಪ ಕೋಲು ಎತ್ತಿಕೊಂಡ. ತಾಯಿ ಮಾರಕ್ಕ ನಡುವೆ ಬಂದು, ನೋಡಲಿ ಬಿಡು ಎಂದಳು.

ಸಣ್ಣಕ್ಕ ಹಲ್ಲುಕಚ್ಚಿ ಕಣ್ಣು ಮುಚ್ಚಿ ಕೈ ಚಾಚಿದಳು. ಕೋಳಿಗರಿಯಿಂದ ಮುಟ್ಟುತ್ತೇನೆ, ಮುಟ್ಟಿದ ಕಡೆ ಬೆರಳಿಡು ಎಂದಿದ್ದ ಅವನು. ಕಾದಳು... ಕಾದಳು...

“ಯಾವಾಗ ಮುಟ್ತೀಯ?”

“ಆಗ್ಲೇ ಮುಟ್ಟಾಯ್ತು,” ಎಂದ.

ವರವಲ್ಲ, ರೋಗ. ಇಷ್ಟು ದಿನ ಪೂಜಿಸಿಕೊಂಡ ಕೈ... ಇದಾ? ಬಂದು ಒಂದು ದಿನವಾಗದವನು ತನ್ನ ದೇವಿಯನ್ನೇ ಕಿತ್ತುಕೊಂಡನಲ್ಲ ಎಂದು ಅವನನ್ನು ಮನಸಾರೆ ದ್ವೇಷಿಸಿದಳು.

ದ್ವೇಷ ಬಹಳ ದಿನ ಬಾಳಲಿಲ್ಲ. ಕುಪ್ಪಸ್ವಾಮಿ ತಿಂಗಳಿಗೊಮ್ಮೆ ಸೈಕಲ್ಲಿನಲ್ಲಿ ಬರುತ್ತಿದ್ದ. ಯಾರಿಗೂ ಸುಳಿವು ಸಿಗದಂತೆ, ಕಂಬಳಿ ಕೊಳ್ಳುವವನ ಹಾಗೆ ನಾರಪ್ಪನೊಂದಿಗೆ ಚೌಕಾಸಿ ಮಾಡುತ್ತ ಮಾತ್ರೆ ಕೊಟ್ಟು ಹೋಗುತ್ತಿದ್ದ. ಒಂದೂ ಕಂಬಳಿ ಕೊಳ್ಳದ ಈ ಜಿಪುಣ ಯಾಕಪ್ಪಾ ಬರುತ್ತಾನೆ ಎಂದು ಊರೇ ನಕ್ಕಿತು. ಅವನೂ ನಕ್ಕ. ತನಗಾಗಿ ಒಬ್ಬ ಜಿಪುಣನೆನಿಸಿಕೊಂಡನೆಂದು ಸಣ್ಣಕ್ಕನ ಕಣ್ಣು ತುಂಬಿತು.

ವರ್ಷಗಳು ಕಳೆದವು. ಮಚ್ಚೆ ಮಾಸಿತು. ಒಂದು ದಿನ ಒಲೆಯ ಮುಂದೆ ಬೆರಳು ಚುರ್ರೆಂದಾಗ ಸಣ್ಣಕ್ಕ ಕೈಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ ಸಂತೋಷದಿಂದ ಕುಣಿದಾಡಿದಳು. ಮಾರಕ್ಕ ಮಗಳ ಸುಟ್ಟ ಬೆರಳಿಗೆ ಮುತ್ತಿಟ್ಟು ಅತ್ತಳು.

ಅದೇ ತಿಂಗಳು ಕುಪ್ಪಸ್ವಾಮಿ ಹೆಣ್ಣು ಕೇಳಿ ಕಳಿಸಿದ.

ಸಣ್ಣಕ್ಕ ಒಲ್ಲೆ ಎಂದಳು!

ಕಾರಣವಿತ್ತು. ವಾಸಿಯಾದವರೊಬ್ಬರು ಎದ್ದು ನಿಂತು ಹೇಳಿದರೆ ಅಡಗಿಕೊಂಡವರೆಲ್ಲ ತಾವಾಗಿ ಬರುತ್ತಾರೆ ಎಂದು ಅವನ ಅಧಿಕಾರಿ ಹಿಂದಿನ ಸಭೆಯಲ್ಲಿ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ‘ಓ... ವರ್ಷವರ್ಷವೂ ನಿಲ್ಲಿಸಿ ತೋರಿಸಲು ಒಬ್ಬಳು ಬೇಕು. ಅದಕ್ಕೇ ಈ ತಾಳಿ.’ ಬಾಯಿಬಿಟ್ಟು ಕೇಳದೆ ಒಳಗೊಳಗೇ ಬೆಂದಳು. ಅವನು ಬರುವುದನ್ನು ನಿಲ್ಲಿಸಿದ. ಉಳಿದ ಮಾತ್ರೆಯನ್ನು ಬೇರೆಯವರು ತಂದುಕೊಟ್ಟರು.

ಜನವರಿಯಲ್ಲಿ ಸಭೆ ಅವಳ ಊರಿಗೇ ಬಂತು. ಸಣ್ಣಕ್ಕ ಸೆರಗಿನಲ್ಲಿ ಕೈ ಮುಚ್ಚಿಕೊಂಡು ಕೊನೆಯಲ್ಲಿ ಕೂತಳು. ಇಲ್ಲಿ ವಾಸಿಯಾದವರು ಯಾರೆಂದು ಅಧಿಕಾರಿ ಕುಪ್ಪಸ್ವಾಮಿಯನ್ನು ಎಲ್ಲರೆದುರೇ ಕೇಳಿದರು. ಅವಳು ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

ಕುಪ್ಪಸ್ವಾಮಿ ಅವಳ ಕಡೆ ತಿರುಗಿಯೂ ನೋಡಲಿಲ್ಲ.

“ಅದು ಅವ್ರವ್ರೇ ಬಾಯ್ಬುಟ್ಟು ಏಳ್ಬೇಕಾದ್ದು ಸಾರ್. ನಾನು ಎಸ್ರು ಏಳಾಕಿಲ್ಲ.”

ಅಧಿಕಾರಿ ಗದರಿದರು. ಅವನು ತಲೆತಗ್ಗಿಸಿ ಬೈಸಿಕೊಂಡ.

ಎಂಥ ತಪ್ಪು ತಿಳಿದೆ! ಸಣ್ಣಕ್ಕನಿಗೆ ಇನ್ನು ಕೂತಿರಲಾಗಲಿಲ್ಲ. ಎದ್ದು ಸೆರಗು ಸರಿಸಿ ಕೈ ಎತ್ತಿ ಹಿಡಿದಳು.

“ನಂಗಿತ್ತು. ಈಗ ಇಲ್ಲ. ಮಾತ್ತಿರೆ ತಿಂದೆ, ವಾಸಿಯಾಯ್ತು. ನನ್ನ ಕೈ ಉಳ್ಸಿದ್ದು ಇವ್ರು.”

ಪಕ್ಕದ ಹೆಂಗಸರು ಸರಿದು ಕೂತರು. ಆದರೂ ಸಭೆ ಮುಗಿದಾಗ, ಬೆನ್ನ ಮೇಲೆ ಮಚ್ಚೆಯಿದ್ದ ಮುದುಕನೊಬ್ಬ ಮೆಲ್ಲಗೆ ಅಂಗಿ ಬಿಚ್ಚುತ್ತ ಮುಂದೆ ಬಂದ.

ಆಮೇಲೆ ಮನೆಯ ಜಗಲಿಯ ಬಳಿ ಅವಳೇ ಬಾಯಿ ತೆರೆದಳು. ತಾನು ತಿಳಿದುಕೊಂಡಿದ್ದನ್ನೆಲ್ಲ ಹೇಳಿ, ತಪ್ಪಾಯ್ತು ಎಂದಳು.

“ನಾನು ಕೇಳಿದ್ದು ನಿನ್ನ. ಮೀಟಿಂಗಿಗೆ ಆಳನ್ನಲ್ಲ,” ಎಂದ ಕುಪ್ಪಸ್ವಾಮಿ.

“ನಿಮ್ಮವ್ವಂಗೆ ಏಳಿದ್ಯಾ... ನಂಗಿದ್ದ ರೋಗಾನ?”

“ಇಲ್ಲ. ಅವ್ವ ನಿನ್ನ ನೋಡ್ಬೇಕು ಅಂತ ಬಂದಿದ್ಳು. ಇವತ್ತು ನಿನ್ನ ಬಾಯಲ್ಲೇ ಕೇಳಿಸ್ಕೊಂಡ್ಳು.”

ಸಣ್ಣಕ್ಕ ಬೆಚ್ಚಿ ತಿರುಗಿದಳು. ಅವನ ಅವ್ವ, ವಯಸ್ಸಾದ ಚೆಲ್ಲಮ್ಮ, ನಿಧಾನವಾಗಿ ಬಂದು ಜಗಲಿಯ ಮೇಲೆ ಕೂತಳು. ಸೊಸೆಯಾಗಬೇಕಾದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸಣ್ಣಕ್ಕ ಮಾರಮ್ಮನನ್ನು ನೆನೆದಳು.

“ಬೆಳಿಗ್ಗೆ ಬಸ್ಸತ್ತಿದಾಗಿಂದ ಒಟ್ಟೆಗೇನೂ ಇಲ್ಲ ತಾಯಿ. ನಿನ್ನ ಕೈಯಾರ ಒಂದು ಮುದ್ದೆ ತಂದಿಕ್ಕು.”

ಸಣ್ಣಕ್ಕ ಕಣ್ಣೊರೆಸಿಕೊಳ್ಳುತ್ತಲೇ ಮುದ್ದೆ ಕಟ್ಟಿ ಬಡಿಸಿದಳು. ಚೆಲ್ಲಮ್ಮ ಒಂದು ತುತ್ತೂ ಬಿಡದೆ ಉಂಡಳು.

ಕುಪ್ಪಸ್ವಾಮಿ ಬಾಗಿಲಲ್ಲೇ ನಿಂತಿದ್ದ.

“ನಿಂಗೂ ಇಕ್ಲಾ?” ಎಂದಳು ಸಣ್ಣಕ್ಕ.

“ಇವತ್ತಿಗೆ ಮಾತ್ರಾನಾ?”

“ದಿನಾಲೂ.”