ಮಜ್ಜಿಗೆ ಕುಡಿದ ಮಣ್ಣು

೧೯೪೩ನೇ ಇಸವಿ ಫೆಬ್ರವರಿ ೧೮, ಗುರುವಾರ. ಮದ್ದೂರು ಠಾಣೆಗೆ ಬಂದ ದೂರನ್ನು ಬರೆದುಕೊಳ್ಳಲು ಲೇಖನಿ ಎತ್ತಿದ ರೈಟರ್ ಹಾಗೆಯೇ ಕೂತುಬಿಟ್ಟ.

"ಏನು ಕಳುವಾಗಿದೆ ಅಂದ್ರಿ?"

"ಮಣ್ಣು," ಎಂದ ತಾಲೀಮಿನ ಜಮಾದಾರ. "ಗರಡಿ ಮಣ್ಣು."

ಠಾಣೆಯಲ್ಲಿದ್ದವರೆಲ್ಲ ನಕ್ಕರು. ಬಾಗಿಲ ಬಳಿ ನಿಂತಿದ್ದ ಪೇದೆ ಕಬೀರನಿಗೆ ಮಾತ್ರ ನಗು ಬರಲಿಲ್ಲ. ಆ ಗರಡಿಯ ಕಾವಲು ಅವನದು. ಬೀಗದ ಕೈ ಇದ್ದದ್ದೂ ಅವನೊಬ್ಬನ ಸೊಂಟದಲ್ಲಿ.

ಯುದ್ಧದ ಕಾಲ. ಆಯುಧ ಹಿಡಿದು ಮನೆಯೊಳಗೆ ಅಡಗಿದವನನ್ನು ಇಕ್ಕಟ್ಟಿನಲ್ಲೇ ಮಣಿಸುವುದನ್ನು ಪೇದೆಗಳಿಗೆ ಕಲಿಸಬೇಕೆಂದು ಇಲಾಖೆ ಪೇಟೆಯ ಹಳೇ ಗರಡಿಮನೆಯನ್ನು ವಶಕ್ಕೆ ತೆಗೆದುಕೊಂಡಿತ್ತು. ಒಳಗೆ ಬಿದಿರು ತಟ್ಟಿಯ ಕೋಣೆಗಳು, ಓಣಿಗಳು. ಕಿಟಕಿಗೆ ಕಪ್ಪು ಬಟ್ಟೆ. ಮೂಲೆಮೂಲೆಯಲ್ಲಿ ಹುಲ್ಲು ತುಂಬಿದ ಗೋಣಿಯ ಆಳುಗಳು. ಬಿದ್ದವರಿಗೆ ಪೆಟ್ಟಾಗದಿರಲೆಂದು ಕುಸ್ತಿಯ ಕೆಂಪು ಮಣ್ಣನ್ನು ಮಾತ್ರ ಹಾಗೇ ಬಿಟ್ಟಿದ್ದರು. ಬುಧವಾರ ತಾಲೀಮಿನಲ್ಲಿ ಹೊನ್ನಯ್ಯನೆಂಬ ಪೇದೆ ಬಿದ್ದ; ಹೆಗಲ ಮೂಳೆ ಲಟಕ್ಕೆಂದಿತು. ಅಗೆದು ನೋಡಿದರೆ ಮೇಲೆ ಎರಡು ಬೆರಳು ಕೆಂಪು ಮಣ್ಣು, ಕೆಳಗೆಲ್ಲ ಕಲ್ಲಿನಂತೆ ಕೂತ ಶಿಂಷಾ ಹೊಳೆಯ ಮರಳು!

ಎಫ್.ಐ.ಆರ್. ದಾಖಲಾಯಿತು. ಇನ್ಸ್‌ಪೆಕ್ಟರ್ ಪಾರ್ಥಸಾರಥಿ ಗರಡಿಗೆ ಹೋಗಿ ಪಂಚನಾಮೆ ಬರೆಸಿದರು. ಬೀಗ ಒಡೆದಿರಲಿಲ್ಲ, ಹೆಂಚು ಸರಿದಿರಲಿಲ್ಲ, ಗೋಡೆಗೆ ಕನ್ನ ಬಿದ್ದಿರಲಿಲ್ಲ.

"ಬಾಗಿಲು ಬಿಟ್ಟು ಹೋಗಿದ್ಯಾ ಕಬೀರ್?"

"ಇಲ್ಲ ಸ್ವಾಮಿ."

"ನಿದ್ದೆ?"

"ಇಲ್ಲ."

"ಹಾಗಾದ್ರೆ ಮಣ್ಣಿಗೆ ಕಾಲು ಬಂತಾ? ಸೋಮವಾರ ಮಂಡ್ಯದಿಂದ ಸಾಹೇಬರು ಬರ್ತಾರೆ. ಅಷ್ಟರಲ್ಲಿ ಕಳ್ಳ ಸಿಗದಿದ್ರೆ ನಿನ್ನ ಬಿಲ್ಲೆ ಬಿಚ್ಚಿ ನನ್ನ ಮೇಜಿನ ಮೇಲಿಡು."

ಕಬೀರ ಮನೆಗೆ ಬಂದಾಗ ಹೆಂಡತಿ ಕುಲ್ಸುಮ್ ಅವನ ಸಮವಸ್ತ್ರವನ್ನು ಕಲ್ಲಿಗೆ ಹಾಕಿ ಉಜ್ಜುತ್ತಿದ್ದಳು.

"ತೋಳಿನ ಅರಿಸಿನ ಹೋಗ್ತಾನೇ ಇಲ್ಲ ಕಣ್ರೀ. ಏನು, ಠಾಣೇಲಿ ದಿನಾ ಯಾರಿಗಾದ್ರೂ ಮದುವೆ ಮಾಡ್ತೀರಾ?"

ಕಬೀರ ಅಂಗಿಯನ್ನು ಕಸಿದು ಮೂಸಿದ. ಅರಿಸಿನ, ಎಳ್ಳೆಣ್ಣೆ, ಹುಳಿ ಮಜ್ಜಿಗೆ. ಅದು ಗರಡಿ ಮಣ್ಣಿನ ವಾಸನೆ. ಆದರೆ ಅವನು ಒಂದು ದಿನವೂ ಮಣ್ಣಿಗೆ ಇಳಿದವನಲ್ಲ, ಬಾಗಿಲು ಕಾಯುವವನು. ತೋಳಿಗೆ ಹೇಗೆ ಹತ್ತಿತು?

ಬುಟ್ಟಿ!

ಗರಡಿಯ ಹಳೇ ಉಸ್ತಾದ ಮುದ್ದಯ್ಯನನ್ನು ಇಲಾಖೆ ಮಣ್ಣು ಅಗೆಯುವ ಕೂಲಿಗೆ ಇಟ್ಟುಕೊಂಡಿತ್ತು. ಜರಡಿ ಹಿಡಿಯಬೇಕೆಂದು ಅವನು ದಿನಾ ಬೆಳಿಗ್ಗೆ ಬುಟ್ಟಿ ತುಂಬಿ ಹೊರಗೆ ಒಯ್ಯುತ್ತಿದ್ದ. ಸಂಜೆ ಗೋಣಿ ಮುಚ್ಚಿದ ತುಂಬು ಬುಟ್ಟಿಯನ್ನೇ ವಾಪಸು ತರುತ್ತಿದ್ದ; ಹಾಗಾದರೆ ಅದರೊಳಗೆ ಬಂದದ್ದು ಹೊಳೆಯ ಮರಳು. "ಒಸಿ ಕೈ ಕೊಡ್ಲಾ ಮಗಾ," ಎಂದಾಗಲೆಲ್ಲ ಬುಟ್ಟಿಯನ್ನು ಅವನ ತಲೆಗೆ ಎತ್ತಿಟ್ಟವನು ಕಬೀರನೇ. ಎತ್ತಿದ್ದಕ್ಕೆ ಕೂಲಿಯೆಂದು ಮುದುಕ ಜಗಲಿಯ ಮೇಲೇ ಅವನಿಗೆ ಒಂದೊಂದು ಪಟ್ಟು ಹೇಳಿಕೊಡುತ್ತಿದ್ದ.

ಕಬೀರ ಒದ್ದೆ ಅಂಗಿಯನ್ನು ಹಿಡಿದುಕೊಂಡೇ ಇನ್ಸ್‌ಪೆಕ್ಟರ ಮನೆಗೆ ನಡೆದ.

ಎಲ್ಲ ಕೇಳಿದ ಪಾರ್ಥಸಾರಥಿ ಅವನ ಮುಖ ನೋಡಿದರು. "ಕಳ್ಳನ ತಲೆಗೆ ಮಾಲು ಎತ್ತಿಟ್ಟವನು ನೀನೇ ಅಂತ ನೀನು ಹೇಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹೊನ್ನಯ್ಯನ ಹೆಗಲು ಮುರಿದಿದೆ ಸ್ವಾಮಿ."

ಮುದ್ದಯ್ಯನ ಮನೆಗೆ ಬೀಗ. ಪಕ್ಕದಲ್ಲಿ ಮಜ್ಜಿಗೆ ಮಾರುವ ಯಶೋದಮ್ಮನನ್ನು ಇನ್ಸ್‌ಪೆಕ್ಟರು ವಿಚಾರಿಸಿದರು.

"ಎಲ್ಲಿಗೆ ಹೋದ?"

"ನನ್ನೇನ್ ಕೇಳೀರಿ ಬುದ್ಧಿ? ದಿನಾ ಒಂದ್ ಕೊಡ ಮಜ್ಜಿಗೆ ತಕ್ಕಂಡು ಅನಕೆರೆ ಗಾಡಿ ಅತ್ತೋನು. ಅಷ್ಟೂ ಕುಡಿಯಾಕೆ ನೀನೇನ್ ಆನೇನ್ಲಾ ಅಂದ್ರೆ, ಕುಡಿಯೋರು ಬ್ಯಾರೆ ಅವ್ರೆ ಕಣಮ್ಮಿ ಅನ್ನೋನು!"

ಕಬೀರ ತಟ್ಟನೆ ಹೇಳಿದ: "ಕುಡಿಯೋದು ಮಣ್ಣು ಸ್ವಾಮಿ. ಮಜ್ಜಿಗೆ ಹಾಕದಿದ್ರೆ ಗರಡಿ ಮಣ್ಣು ಹದ ತಪ್ಪುತ್ತೆ. ಮಜ್ಜಿಗೆ ಹೋದ ಕಡೆ ಮಣ್ಣಿದೆ."

ಶನಿವಾರ ಬೆಳಿಗ್ಗೆ ಹನಕೆರೆಯ ಪಾಳು ಆಲೆಮನೆಯೊಂದರ ಬಾಗಿಲು ತಳ್ಳಿದಾಗ ಅರಿಸಿನದ ವಾಸನೆ ಮುಖಕ್ಕೆ ಬಡಿಯಿತು. ನಡುವೆ ಹದವಾಗಿ ಹರಡಿದ ಕೆಂಪು ಮಣ್ಣು. ಅದರ ಮೇಲೆ ಚಲ್ಲಣ ತೊಟ್ಟು ನಿಂತ ಮುದ್ದಯ್ಯ; ಅರುವತ್ತು ದಾಟಿದ್ದರೂ ಒನಕೆಯಂಥ ತೋಳುಗಳು. ಮೇಲೆ ಬಿದ್ದ ಇಬ್ಬರು ಪೇದೆಗಳನ್ನು ಕಡ್ಲೆಮೂಟೆ ಎಸೆದಂತೆ ಆಚೆಗೆಸೆದ.

"ಬೂಟ್ ಮೆಟ್ಕಂಡ್ ಬಂದೋರ್ಗೆ ಇದೇಯ!"

ಇನ್ಸ್‌ಪೆಕ್ಟರ ಕೈ ರಿವಾಲ್ವರಿಗೆ ಹೋಯಿತು.

"ಬೇಡ ಸ್ವಾಮಿ," ಎಂದ ಕಬೀರ. ಬೂಟು ಬಿಚ್ಚಿದ. ಬಾಗಿ ಚಿಟಿಕೆ ಮಣ್ಣು ತೆಗೆದು ಹಣೆಗೆ ಒತ್ತಿಕೊಂಡು ಇಳಿದ.

ಮುದುಕನ ಕಣ್ಣು ಅರಳಿತು. "ಬಾರ್ಲಾ ಮಗಾ."

ಮೊದಲ ಸಲ ಕಬೀರ ಬಿದ್ದ. ಮಣ್ಣು ಅವನನ್ನು ಮೆತ್ತಗೆ ಹಿಡಿದುಕೊಂಡಿತು. ಎರಡನೇ ಸಲ ಮುದ್ದಯ್ಯನ ಕೈಕೆಳಗೆ ನುಸುಳಿ, ಕಾಲಿಗೆ ಕಾಲು ಕೊಟ್ಟು ತಿರುಗಿದ. ಮದ್ದೂರು ಸೀಮೆಯಲ್ಲಿ ಯಾರೂ ಚಿತ್ ಮಾಡದಿದ್ದ ಬೆನ್ನು ನೆಲ ಮುಟ್ಟಿತು. ಅಡಿಯಲ್ಲಿ ಬಿದ್ದವನು ಗಹಗಹಿಸಿ ನಕ್ಕ.

"ಈ ಪಟ್ಟು ಯಾರ್ಲಾ ಕಲಿಸ್ದೋರು?"

"ನೀವೇ ಉಸ್ತಾದ್. ಬುಟ್ಟಿ ಎತ್ತಿದ ಕೂಲಿ."

ಮುದ್ದಯ್ಯ ತಾನಾಗಿಯೇ ಕೈ ಮುಂದೆ ಮಾಡಿದ. ಬೇಡಿ ಬಿತ್ತು. ನೌಕರನಾಗಿದ್ದು ಕದ್ದದ್ದಕ್ಕೆ ಕಲಂ ೩೮೧. ಹೇಳಿಕೆಯಲ್ಲಿ ಅವನು ಬರೆಸಿದ್ದು ಇಷ್ಟೇ: "ನಮ್ ತಾತನ ಕಾಲದಿಂದ ಎಣ್ಣೆ, ಮಜ್ಜಿಗೆ ಉಣಿಸಿ ಸಾಕಿದ ಮಣ್ಣು ಬುದ್ಧಿ. ಅದರ ಎದೆ ಮ್ಯಾಲೆ ಬೂಟ್ ಆಕ್ಕಂಡ್ ಕುಣಿಯೋದ ನೋಡಾಕಾಗ್ನಿಲ್ಲ. ಒನ್ನಯ್ಯನ ಎಗಲು ಮುರಿದದ್ದು ನನ್ ಪಾಪ. ಅದನ್ನೂ ಬರ್ಕಳಿ."

ಸೋಮವಾರ ಬೆಳಿಗ್ಗೆ ಮಣ್ಣು ಗರಡಿಗೆ ಮರಳಿತ್ತು. ಬಾಗಿಲಲ್ಲಿ ಕಬೀರ, ಎದೆಯ ಮೇಲೆ ಫಳಫಳ ಬಿಲ್ಲೆ. ಜಮಾದಾರ ಒಳನುಗ್ಗಲು ಬಂದಾಗ ಅಡ್ಡಲಾಗಿ ಲಾಠಿ ಹಿಡಿದ.

"ಬೂಟು, ಜಮಾದಾರ್ರೇ."

"ಏನಯ್ಯ, ನನಗೇ ಹೇಳ್ತೀಯಾ?" ಜಮಾದಾರ ಇನ್ಸ್‌ಪೆಕ್ಟರ ಕಡೆ ತಿರುಗಿದ.

ಪಾರ್ಥಸಾರಥಿಯವರು ಆಗಲೇ ಜಗಲಿಯ ಮೇಲೆ ಕೂತು ತಮ್ಮ ಬೂಟಿನ ದಾರ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಮಂಡ್ಯದ ಸಾಹೇಬರು ಬರಿಗಾಲಲ್ಲಿ ನಿಂತಿದ್ದರು.